ಪಟ್ಟದ ಹಾಡಿಗೆ ಕಣ್ಣಮ್ಮಾಳ್ ಸಾಕ್ಷಿ

ಎರಡು ಕೊಡ ಹೊಯ್ದರೂ ಗುಂಡಿ ಇನ್ನೂ ನೀರು ಕುಡಿಯುತ್ತಿದೆ. ಕಣ್ಣಮ್ಮಾಳ್ ಮೂರನೆಯ ಕೊಡವನ್ನು ಸೊಂಟದಿಂದ ಇಳಿಸುತ್ತಾಳೆ. ಒಮ್ಮೆಲೇ ಬಗ್ಗಿಸುವುದಿಲ್ಲ, ಅಂಗೈ ಅಡ್ಡ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾಳೆ. ಗುಂಡಿಯ ನಡುವಿನಿಂದ ಎದ್ದ ತಾಮ್ರದ ತಂತಿ ಗೋಡೆಯ ತೂತಿನೊಳಗೆ ನುಗ್ಗಿ ಪಂಚಾಯತಿ ರೇಡಿಯೊದ ಬೆನ್ನಿಗೆ ಸೇರಿದೆ. ಮಣ್ಣು ಒಣಗಿದರೆ ರೇಡಿಯೊ ಗೊರಗುಟ್ಟುತ್ತದೆ. ಈಗಂತೂ ಆಡಿ ತಿಂಗಳು, ಆಷಾಢದ ಹೊತ್ತು. ಬೆಟ್ಟದ ಸಂದಿನಿಂದ ಇಳಿಯುವ ಗಾಳಿ ರಾತ್ರಿಯಿಡೀ ಈ ಕೊಂಬೈ ಊರಿನ ಮಣ್ಣನ್ನು ಆರಿಸಿಬಿಡುತ್ತದೆ.

"ಎರಡು ಕೊಡ ಪೋದುಂ, ಸಾಕು ಅಂತ ರಿಪೇರಿಕಾರ ಸೊಲ್ಲಿದ. ಅವನು ಉತ್ತಮಪಾಳಯದಾಗೆ ಕುಂತವ್ನೆ, ಅವನಿಗೆ ಈ ಗಾಳಿ ಏನ್ ತೆರಿಯುತ್ತೆ?" ಎನ್ನುತ್ತ ಆಕೆ ಖಾಲಿ ಕೊಡವನ್ನು ಬೋರಲು ಹಾಕುತ್ತಾಳೆ.

ಇನ್ನೂ ಆರು ಗಂಟೆಯಾಗಿಲ್ಲ. ಅಷ್ಟರಲ್ಲಿ ಕಣ್ಣಮ್ಮಾಳ್ ಪಂಚಾಯತಿ ತೋಟದ ಅಂಗಳ ಗುಡಿಸಿ, ಗಿಡಗಳಿಗೆ ನಲವತ್ತು ಕೊಡ ನೀರು ಹಾಕಿ, ಕಲ್ಲು ಬೆಂಚುಗಳ ಮೇಲಿನ ಹಕ್ಕಿಯ ಹಿಕ್ಕೆ ತೊಳೆದಿದ್ದಾಳೆ. ಇನ್ನು ರೇಡಿಯೊ ಮನೆಯ ಬೀಗ ತೆಗೆಯಬೇಕು. ಅದು ಎಂಟಡಿ ಉದ್ದ, ಆರಡಿ ಅಗಲದ ಕೋಣೆ. ಒಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ರೇಡಿಯೊ. ರೇಡಿಯೊದ ಗುಂಡಿ ತಿರುಗಿಸಿ ಅದು ಬಿಸಿಯಾಗುವವರೆಗೆ ಆಕೆ ಸೆರಗಿನಿಂದ ಗಾಜು ಒರೆಸುತ್ತಾಳೆ. ಗಾಜಿನ ಹಿಂದಿನ ಮುಳ್ಳು ಏಳು ವರ್ಷದಿಂದ ಒಂದೇ ಕಡೆ ನಿಂತಿದೆ. ಮುಳ್ಳನ್ನು ಎಳೆಯುವ ದಾರ ಹರಿದದ್ದನ್ನು ಯಾರೂ ಸರಿಮಾಡಿಸಿಲ್ಲ. ಯಾವ ನಿಲಯ ಎಲ್ಲಿದೆ ಎಂಬುದು ಕಣ್ಣಮ್ಮಾಳ್ ಬೆರಳಿಗೆ ಮಾತ್ರ ಗೊತ್ತು.

"ತಿರುಚ್ಚಿಗೆ ಒಂದೂಕಾಲು ಸುತ್ತು. ಸಿಲೋನ್‌ಗೆ ಎರಡೂವರೆ, ಆಮ್ಯಾಲೆ ಒಂದು ಕೂದಲಷ್ಟು. ಮಳೆಗಾಲದಾಗೆ ಎರಡು ಕೂದಲು."

ಈ ಬೆರಳಿನಿಂದಲೇ ಆಕೆಗೆ ಕೆಲಸ ಸಿಕ್ಕಿತು. ಊರಿಗೆ ರೇಡಿಯೊ ಬಂದಾಗ ಅದನ್ನು ನೋಡಿಕೊಳ್ಳುತ್ತಿದ್ದವನು ಆಕೆಯ ಗಂಡ ವೇಲು. ಅರವತ್ತೊಂದನೆಯ ಇಸವಿಯಲ್ಲಿ ಆತ ಏಲಕ್ಕಿ ಬೆಟ್ಟಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದ, ಹದಿನೈದು ದಿನದಲ್ಲಿ ತೀರಿಕೊಂಡ. ಪಂಚಾಯತಿಯವರು ನಾಲ್ವರು ಗಂಡಸರನ್ನು ಒಬ್ಬರಾದ ಮೇಲೊಬ್ಬರಂತೆ ಕೂರಿಸಿ ನೋಡಿದರು. ಒಬ್ಬನಿಗೆ ಸುದ್ದಿ ಸಿಗಲಿಲ್ಲ, ಇನ್ನೊಬ್ಬನಿಗೆ ಸುದ್ದಿ ಬಿಟ್ಟು ಏನೂ ಸಿಗಲಿಲ್ಲ. ಗಂಡನಿಗೆ ಬುತ್ತಿ ತಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಹೆಂಗಸಿಗೆ ಎಲ್ಲವೂ ಗೊತ್ತು ಎಂದು ಗುಮಾಸ್ತ ಕಾಳಿಮುತ್ತುವಿಗೆ ನೆನಪಾದದ್ದು ಆಮೇಲೆ. ಈಗ ಆರು ವರ್ಷ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೇರಿ ದಿನಕ್ಕೆ ಏಳೂವರೆ ಗಂಟೆ ರೇಡಿಯೊ ಹಾಡುತ್ತದೆ. ಈ ಆರು ವರ್ಷದಲ್ಲಿ ಆಕೆ ಬಾಗಿಲು ತೆಗೆಯದೆ ಇದ್ದದ್ದು ಎರಡೇ ದಿನ. ಗಾಳಿಗೆ ರೇಡಿಯೊದ ಏರಿಯಲ್ ತಂತಿ ಹರಿದಾಗ ಎರಡು ಸಲ ತಾನೇ ಬಿದಿರು ಹತ್ತಿ ಕಟ್ಟಿದ್ದಾಳೆ. ಆಗ ಕೆಳಗೆ ನಿಂತು ಉಪಾಯ ಹೇಳಿದ ಗಂಡಸರ ಲೆಕ್ಕ ಆಕೆ ಇಟ್ಟಿಲ್ಲ.

ಆದರೆ ಕೊಂಬೈಯ ಹೆಂಗಸರು ಕಣ್ಣಮ್ಮಾಳನ್ನು ಆದರಿಸುವುದು ಬಿದಿರು ಹತ್ತಿದ್ದಕ್ಕಲ್ಲ, ಆಕೆಯ ಮಾತಿಗೆ.

ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ತೋಟದ ಬೆಂಚುಗಳಲ್ಲಿ ಗಂಡಸರಿರುವುದಿಲ್ಲ. ಅದು ಹೆಂಗಸರ ಹೊತ್ತು. ಮೂವತ್ತು ಮೂವತ್ತೈದು ಮಂದಿ ಹುಣಿಸೆಹಣ್ಣು, ಕಡಲೆಕಾಯಿ, ಹತ್ತಿಕಾಯಿಯ ಮೊರಗಳನ್ನು ಹಿಡಿದು ಬಂದು ರೇಡಿಯೊ ಮನೆಯ ಜಗಲಿಯ ಸುತ್ತ ಕೂರುತ್ತಾರೆ. ಎಲ್ಲರೂ ಈ ತಮಿಳು ಸೀಮೆಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆಗಳವರು. ಸಿಲೋನಿನಿಂದ ಬರುವುದು ತಮಿಳು ಹಾಡು, ಇವರು ಅದನ್ನು ಅಳೆಯುವುದು ಕನ್ನಡದಲ್ಲಿ. ಅಳೆಯುವ ರೀತಿಯೂ ಇವರದೇ. ದನದ ಮಂದೆಯಲ್ಲಿ ಒಂದು ಹೋರಿಗೆ ಪಟ್ಟ ಕಟ್ಟುವ ಹಾಗೆ ಇವರು ಒಂದು ಹಾಡಿಗೆ ಪಟ್ಟ ಕಟ್ಟುತ್ತಾರೆ. ಪಟ್ಟದ ಹಾಡು ರೇಡಿಯೊದಲ್ಲಿ ಬಂತೆಂದರೆ ಕೈಯಲ್ಲಿದ್ದ ಕೆಲಸ ಕೆಳಗಿಡಬೇಕು. ಹಾಡು ಮುಗಿಯುವವರೆಗೆ ಎರಡೂ ಕೈ ಮಡಿಲಲ್ಲಿರಬೇಕು. ಒಲೆಯ ಮುಂದಿದ್ದರೂ ಅಷ್ಟೇ, ಕಳೆ ಕೀಳುತ್ತಿದ್ದರೂ ಅಷ್ಟೇ. ದಿನದಲ್ಲಿ ಮೂರು ನಿಮಿಷ ಬರಿಗೈಲಿ ಕೂರುವುದಕ್ಕೆ ಇವರಿಗೆ ಬೇರೆ ಯಾವ ನೆಪವೂ ಇಲ್ಲ.

ಹಾಡನ್ನು ಮೊದಲು ಎತ್ತಿ ಹೇಳಿದವಳಿಗೆ ಜಗಲಿಯ ಕಂಬಕ್ಕೆ ಒರಗಿ ಕೂರುವ ಹಕ್ಕು. ಇರುವುದು ಒಂದೇ ಕಂಬ.

ಪಟ್ಟದ ಹೋರಿಯನ್ನು ಬದುಕಿರುವಾಗ ಇಳಿಸುವಂತಿಲ್ಲ, ಹಾಡನ್ನೂ ಇಳಿಸುವಂತಿಲ್ಲ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ರೇಡಿಯೊದಲ್ಲಿ ಒಮ್ಮೆಯೂ ಕೇಳದಿದ್ದರೆ ಮಾತ್ರ ಹಾಡು ತೀರಿಕೊಂಡಿತು ಎಂದು ಇನ್ನೊಂದಕ್ಕೆ ಪಟ್ಟ. ಮಧ್ಯಾಹ್ನ ಬಂದರೆ ಎಲ್ಲರೂ ಕೇಳುತ್ತಾರೆ. ಬೆಳಗಿನ ಜಾವ ಬಂದರೆ ತಪ್ಪದೆ ಕೇಳುವವಳು ಕಣ್ಣಮ್ಮಾಳ್ ಒಬ್ಬಳೇ. ಆಕೆ ಬಂತು ಎಂದರೆ ಬಂತು, ಇಲ್ಲ ಎಂದರೆ ಇಲ್ಲ. ಮೂರು ವರ್ಷದ ಹಿಂದೆ ಆಕೆಯ ಸ್ವಂತ ಅಕ್ಕ ಪಾಂಡಿಯಮ್ಮಾಳ್ ಎತ್ತಿದ ಹಾಡು ಪಟ್ಟ ಏರಬೇಕಿತ್ತು. ನಲವತ್ತೇಳನೆಯ ಬೆಳಿಗ್ಗೆ ಹಳೆಯ ಹಾಡು ಬಂತೆಂದು ಕಣ್ಣಮ್ಮಾಳೇ ಬಂದು ಹೇಳಿದಳು. ಅಕ್ಕ ಎರಡು ತಿಂಗಳು ಮಾತು ಬಿಟ್ಟಳು. ಆದರೂ ಸುಳ್ಳು ಎಂದು ಆಕೆಯೂ ಅನ್ನಲಿಲ್ಲ.

ಈಗ ಪಟ್ಟದಲ್ಲಿರುವುದು ಏತದ ಹಾಡು. ಬಾವಿಯ ಏತ ಏರಿ ಇಳಿಯುವ ಲಯದಲ್ಲಿ ಗಂಡಸೊಬ್ಬ ಹಾಡಿದ್ದು. ಎತ್ತಿದವಳು ರಾಜಮ್ಮಾಳ್, ಅರವತ್ತರ ಗಟ್ಟಿ ಹೆಂಗಸು. ಒಂದೂವರೆ ವರ್ಷದಿಂದ ಕಂಬ ಆಕೆಯದು. ಇವತ್ತಿಗೆ ಏತದ ಹಾಡು ಕೇಳಿ ನಲವತ್ತೈದು ದಿನ.

"ಇನ್ನ ಮೂರು ನಾಳು ಐತೆ. ನನ್ನ ಹೋರಿ ಬರ್ತದೆ ನೋಡ್ರೀ," ಎಂದು ರಾಜಮ್ಮಾಳ್ ಕಂಬಕ್ಕೆ ಬೆನ್ನು ತಿಕ್ಕುತ್ತಾಳೆ.

"ನಿನ್ನ ಹೋರಿಗೆ ಪಲ್ಲು ಉದುರ್ತು ಅಕ್ಕಾ. ಸಿಲೋನ್‌ಕಾರನೇ ಮರ್ತ." ಇದು ಮಾರಿಯಮ್ಮಾಳ್, ಹುಣಿಸೆಬೀಜ ಬಿಡಿಸುವುದರಲ್ಲೂ ಬಾಯಿ ಮಾಡುವುದರಲ್ಲೂ ಮುಂದು.

"ನೀ ಎತ್ತಿದ ರೈಲು ಪಾಟು ಒಂದು ಪಾಟೇನೇ? ಎಮ್ಮೆ ಕೆಸರಿಗಿಳಿದಂಗೆ. ಅವನು ಹಾಡಿ ಮುಗಿಸೋದ್ರಾಗೆ ನಿಜ ರೈಲೇ ದಿಂಡುಗಲ್ಲು ಸೇರ್ತದೆ."

"ಸೇರ್ಲಿ. ನಿನ್ನ ಏತದ ಪಾಟು ಕೇಳ್ತಾ ಕುಂತು ನಮ್ಮನೇಲಿ ಮೂರು ಸಲ ಒಲೆ ಮ್ಯಾಲೆ ಸೋರು ಸೀದು ಕರ್ರಗಾಯ್ತು. ನಮ್ಮ ಮನುಷ ಕೇಳ್ತಾನೆ, ನೀ ಪಾಟಿಗೆ ಹೆಂಡ್ತಿಯಾ ನನಗಾ ಅಂತ."

"ಏನ್ ಸೊಲ್ಲಿದೆ?"

"ಪಾಟು ಬೈಯಲ್ಲ ಅಂದೆ."

ನಗು ಜಗಲಿಯ ಆ ತುದಿಯವರೆಗೂ ಹೋಗುತ್ತದೆ. ಆ ತುದಿಯಲ್ಲಿ, ಬಿಸಿಲು ಕಾಲಿಗೆ ತಾಗುವ ಜಾಗದಲ್ಲಿ, ಚೆಲ್ಲಮ್ಮಾಳ್ ಕೂತಿದ್ದಾಳೆ. ರಾಜಮ್ಮಾಳ್‌ನ ಸೊಸೆ. ಎರಡು ವರ್ಷದ ಹಿಂದೆ ವೇದಸಂದೂರಿನಿಂದ ಮದುವೆಯಾಗಿ ಬಂದವಳು. ಅದಕ್ಕೆ ಮೊದಲು ನಾಲ್ಕು ವರ್ಷ ಅಲ್ಲಿಯ ನೂಲಿನ ಮಿಲ್ಲಿನಲ್ಲಿ ದುಡಿದಿದ್ದಾಳೆ. ಆಕೆಯ ಕನ್ನಡದಲ್ಲಿ ತಮಿಳು ಇವರಿಗಿಂತ ಹೆಚ್ಚು. ಮೊದಲ ವಾರವೇ ಯಾರೋ ಅದನ್ನು ಅಣಕಿಸಿ ನಕ್ಕರು, 'ಮಿಲ್ಲುಕಾರಿ' ಎಂದರು. ಅಂದಿನಿಂದ ಚೆಲ್ಲಮ್ಮಾಳ್ ಈ ಜಗಲಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಎರಡು ವರ್ಷ ಕಡಲೆಕಾಯಿ ಸುಲಿದಳು, ಎದ್ದು ಹೋದಳು.

ಬಾಯಿ ಬಿಟ್ಟದ್ದು ಹನ್ನೆರಡು ದಿನದ ಹಿಂದೆ. ಏತದ ಹಾಡು ತೀರಿಕೊಂಡರೆ ಮುಂದೆ ಯಾವುದು ಎಂದು ಜಗಳ ಏರಿತ್ತು. ನಡುವೆ ಸಣ್ಣ ದನಿಯೊಂದು ಕೇಳಿತು, ಕೊಕ್ಕರೆ ಪಾಟು. ಕೆರೆಯ ಏರಿಯ ಮೇಲೆ ಕೊಕ್ಕರೆಯನ್ನು ನೋಡುತ್ತ ಹುಡುಗಿಯೊಬ್ಬಳು ಹಾಡುವ, ಯಾರೂ ಲೆಕ್ಕಕ್ಕಿಡದ ಹಾಡು. ಅದರಲ್ಲಿ ಏನಿದೆ ಎಂದು ಕೇಳಿದರು. ಚೆಲ್ಲಮ್ಮಾಳ್ ಮೊರ ನೋಡುತ್ತಲೇ ಹೇಳಿದಳು: "ಕಡೇ ಸಾಲಿಗೆ ಮುನ್ನಾಲೆ ಆಯಮ್ಮ ಮೂಚ್ಚು ಎಳ್ಕೊತಾಳೆ. ಉಸುರು. ಅದು ಕೇಳ್ಸುತ್ತೆ."

ಯಾರೂ ನಂಬಲಿಲ್ಲ. ಮೂರನೆಯ ದಿನ ಆ ಹಾಡು ಬಂತು. ಮೂವತ್ತು ಹೆಂಗಸರು ಮೊರ ಅಲುಗಿಸದೆ ಕಾದರು. ಕೊನೆಯ ಸಾಲಿಗೆ ಮೊದಲು, ಎಲ್ಲೋ ಕಡಲಾಚೆಯ ಒಬ್ಬ ಹೆಣ್ಣು ನಿಜವಾಗಿಯೂ ಉಸಿರೆಳೆದುಕೊಂಡದ್ದು ಕೇಳಿಸಿತು. ವರ್ಷದಿಂದ ಕೇಳಿದ ಹಾಡು. ಮಾರಿಯಮ್ಮಾಳ್ ಕೂಡ ಒಪ್ಪಿಕೊಂಡಳು. ಮಿಲ್ಲಿನ ಗದ್ದಲದಲ್ಲಿದ್ದವಳಿಗೆ ಇಂಥ ಕಿವಿ ಹೇಗೆ ಬಂತು ಎಂದು ರಾಜಮ್ಮಾಳೇ ಕೇಳಿದಳಂತೆ.

"ಅಲ್ಲಿ ಒಂದೂ ಕೇಳ್ಸಲ್ಲ ಅತ್ತೆ. ಅದಕ್ಕೇ ಇಲ್ಲಿ ಎಲ್ಲಾ ಕೇಳ್ಸುತ್ತೆ."

ಅಂದೇ ತೀರ್ಮಾನವಾಯಿತು. ಏತದ ಹಾಡು ಮಂಡಲದೊಳಗೆ ಬಾರದಿದ್ದರೆ ಪಟ್ಟ ಕೊಕ್ಕರೆಗೆ, ಕಂಬ ಚೆಲ್ಲಮ್ಮಾಳಿಗೆ. ಅತ್ತೆ ಮೊರ ಹಿಡಿದು ಬಿಸಿಲ ತುದಿಗೆ ಹೋಗುತ್ತಾಳೋ ಎಂದು ಊರಿಗೇ ಕುತೂಹಲ. "ಸಟ್ಟ ಅಂದ್ರೆ ಸಟ್ಟ, ಕಟ್ಟಳೆ ಮೀರಲ್ಲ. ಹೋಗ್ತೀನಿ. ಆದ್ರೆ ನನ್ನ ಹೋರಿ ಬರ್ತದೆ," ಎನ್ನುತ್ತಾಳೆ ರಾಜಮ್ಮಾಳ್. ಬೇರೆ ಯಾವ ಎಡವಟ್ಟೂ ಆಗದಿದ್ದರೆ, ಇನ್ನು ಮೂರೇ ದಿನಕ್ಕೆ ಚೆಲ್ಲಮ್ಮಾಳ್ ಈ ಊರಿನಲ್ಲಿ ಮೊದಲ ಸಲ ಒರಗಿ ಕೂರುತ್ತಾಳೆ.

ಎಲ್ಲರೂ ಎದ್ದು ಹೋದ ಮೇಲೆ ಕಣ್ಣಮ್ಮಾಳ್ ಹುಣಿಸೆ ನಾರು, ಕಡಲೆ ಸಿಪ್ಪೆ ಗುಡಿಸುತ್ತಾಳೆ. ದಿನಕ್ಕೆ ಎರಡು ಬುಟ್ಟಿ. ಸಾಕ್ಷಿ ಹೇಳುವವಳು ಹಾಡು ಎತ್ತುವಂತಿಲ್ಲ, ಇದು ಹೆಚ್ಚು ಅದು ಕಡಿಮೆ ಎಂದು ಪಕ್ಷ ಹಿಡಿಯುವಂತಿಲ್ಲ. ಆರು ವರ್ಷದಲ್ಲಿ ತನಗೆ ಯಾವುದು ಇಷ್ಟ ಎಂದು ಆಕೆ ಯಾರಿಗೂ ಹೇಳಿದ್ದಿಲ್ಲ. ಪತ್ರಿಕೆಗೆ ಬರೆಯಲು ಬಂದವರು ಕೇಳಿದರೆ ಪೊರಕೆ ನಿಲ್ಲಿಸಿ ನಗುತ್ತಾಳೆ.

"ನೀವು ಅಚ್ಚು ಹಾಕೋ ಎಳುತ್ತು ನಮ್ಮ ಊರಾಗೆ ಒಬ್ಬರ್ಗೂ ಓದಕ್ಕೆ ಬರಲ್ಲ. ಕನ್ನಡ ಬಾಯಾಗೆ ಐತೆ, ಕಣ್ಣಾಗಿಲ್ಲ. ಅದಕ್ಕೇ ಸೊಲ್ತೀನಿ. ನನಗೂ ಏತದ ಪಾಟೇ. ನಮ್ಮೋರು ತೀರ್ಕೊಂಡ ವರ್ಷ ನಾನು ಅದ ಕೇಳ್ಕೊಂಡೇ ನೀರು ಸೇದ್ತಿದ್ದೆ. ಅದು ಪಟ್ಟಕ್ಕೆ ಬಂದ ನಾಳು ಕದ ಹಾಕ್ಕೊಂಡು ಅತ್ಬಿಟ್ಟೆ. ಸಂತೋಸಕ್ಕೆ."

ಗಂಡ ಸತ್ತ ಮೊದಲ ವರ್ಷವನ್ನು ಆಕೆ ಹೆಚ್ಚು ಮಾತಿಲ್ಲದೆ ಹೇಳುತ್ತಾಳೆ. ಎದುರಿಗೆ ಬಂದವರು ಪಕ್ಕಕ್ಕೆ ಸರಿಯುತ್ತಿದ್ದರು. ಮೂರು ತಿಂಗಳು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಕೆಲಸಕ್ಕೆ ಸೇರಿ ನಾಲ್ಕೈದು ದಿನವಾಗಿರಬೇಕು, ಬೆಳಿಗ್ಗೆ ರೇಡಿಯೊ ಮನೆಯ ಮುಂದೆ ಹೋಗುತ್ತಿದ್ದವರೊಬ್ಬರು ನಿಂತು, ಆ ಪಾಟು ಬಂತಾ ಕಣ್ಣಮ್ಮಾ ಎಂದರು.

"ಅಷ್ಟೇ. ಏನೂ ದೊಡ್ಡ ಮಾತಲ್ಲ. ಯಾರಾನ ನಿಂತ್ಕೊಂಡು ಒಂದು ಮಾತು ಕೇಳಿದ್ರೆ ಆಯ್ತು, ಅವತ್ತಿಂದ ನಾವೂ ಊರಾಗಿದ್ದೀವಿ ಅಂತ ಆಗ್ತದೆ."

ದೊಡ್ಡ ಆಸೆ ಏನಾದರೂ ಉಂಟೇ ಎಂದರೆ, ರೇಡಿಯೊ ಮುಳ್ಳಿನ ದಾರ ಕಟ್ಟಿಸಬೇಕು ಎನ್ನುತ್ತಾಳೆ. "ನಾನು ಇಲ್ದಾಗ ಬರೋಳು ತಡಕಾಡಬಾರ್ದಲ್ಲ."

ಮರುದಿನ ಬೆಳಿಗ್ಗೆ ಗಾಳಿ ಇನ್ನೂ ಜೋರು. ರೇಡಿಯೊ ಬಿಸಿಯಾಗಿದೆ. ಚಾವಣಿಯ ಮೇಲಿನ ಧ್ವನಿವರ್ಧಕವನ್ನು ಇವರು ಕೊಳಾಯಿ ಎನ್ನುತ್ತಾರೆ. ಅದನ್ನು ತೆರೆಯುವುದು ಆರೂವರೆಯ ಸುದ್ದಿಗೆ. ಅಲ್ಲಿಯವರೆಗೆ ದನಿ ಕೋಣೆಯೊಳಗೇ ಇರುತ್ತದೆ. ಪಟ್ಟದ ಹಾಡು ಬಂದರೆ ಮಾತ್ರ ಹೊತ್ತಿಗೆ ಮೊದಲೇ ಕೊಳಾಯಿ ತೆರೆಯಬಹುದು. ಆದರೂ ಗಾಳಿಯಲ್ಲಿ ಅದು ಎಲ್ಲರ ಮನೆ ಮುಟ್ಟುವುದಿಲ್ಲ, ಬಂತೇ ಎಂದು ಕಣ್ಣಮ್ಮಾಳನ್ನೇ ಕೇಳಬೇಕು. ಕಾಳಿಮುತ್ತುವಿನ ಹೆಂಡತಿಯೂ ಮಧ್ಯಾಹ್ನದ ಜಗಲಿಯವಳಾದ್ದರಿಂದ ಪಂಚಾಯತಿ ಇದನ್ನು ಕಂಡೂ ಕಾಣದಂತಿದೆ.

ಆರೂಕಾಲಿರಬಹುದು. ಒಂದು ಹಾಡು ಮುಗಿದು ಇನ್ನೊಂದಕ್ಕೆ ತಬಲಾ ಎದ್ದಾಗ ಕಣ್ಣಮ್ಮಾಳ್ ಕೈಯಲ್ಲಿನ ಬಟ್ಟೆ ನಿಲ್ಲುತ್ತದೆ. ಏರುವ ಇಳಿಯುವ ಆ ಲಯ ಎರಡು ದಿನ ಈ ಊರಿನಲ್ಲಿದ್ದವರಿಗೂ ಗೊತ್ತಾಗುವಂಥದು. ನಲವತ್ತಾರನೆಯ ದಿನ, ಏತದ ಹಾಡು.

ಆಕೆಯ ಕೈ ಕೊಳಾಯಿಯ ಗುಂಡಿಯವರೆಗೆ ತಾನಾಗಿ ಹೋಗುತ್ತದೆ. ಆರು ವರ್ಷದ ಅಭ್ಯಾಸ. ಬೆರಳು ಗುಂಡಿಯ ಮೇಲೆ ನಿಂತಿರುತ್ತದೆ. ಗಂಡಸಿನ ದನಿ ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಬರುತ್ತದೆ. ಹೊರಗೆ ಬೀದಿಯಲ್ಲಿ ಕೊಡಗಳ ಸದ್ದು, ಯಾರೋ ಯಾರನ್ನೋ ಕರೆಯುವುದು.

ಕಣ್ಣಮ್ಮಾಳ್ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಬಾಗಿಲನ್ನು ಅರ್ಧ ಮುಚ್ಚಿ, ನೆಲದ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಹಾಡನ್ನು ಕೊನೆಯವರೆಗೆ ಕೇಳುತ್ತಾಳೆ. ಮುಖದಲ್ಲಿ ದುಃಖವಿಲ್ಲ. ಹಾಡು ಮುಗಿದಾಗ ಏಳುತ್ತಾಳೆ, ಸೆರಗು ಕೊಡವುತ್ತಾಳೆ, ಹೊರಗೆ ಬಂದು ಜಗಲಿಯ ಕಂಬದ ಧೂಳು ಒರೆಸುತ್ತಾಳೆ.

ಆರೂವರೆಗೆ ಕೊಳಾಯಿ ತೆರೆದು ಸುದ್ದಿ ಊರಿಗೆ ಹೋಗುತ್ತದೆ. ಬೀದಿಯಲ್ಲಿ ರಾಜಮ್ಮಾಳ್ ತಲೆಯ ಮೇಲಿನ ಕೊಡ ಹಿಡಿದು ನಿಂತಿದ್ದಾಳೆ. ಎರಡು ಹೆಜ್ಜೆ ಹಿಂದೆ ಸೊಸೆ.

"ಕಣ್ಣಮ್ಮಾ! ನನ್ನ ಹೋರಿ ಬಂತಾ?"

ಆರು ವರ್ಷ ಊರಿನ ಪರವಾಗಿ ಕೇಳಿದ ಕಣ್ಣಮ್ಮಾಳ್ ಅದನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಬೆನ್ನು ತಿರುಗಿಸಿ ನಿಂತು ದನಿಯ ಗುಂಡಿಯನ್ನು ಇನ್ನೂ ಅರ್ಧ ಸುತ್ತು ಏರಿಸುತ್ತಾಳೆ. ಮದ್ರಾಸಿನ ಮಳೆಯ ಸುದ್ದಿ ಬೀದಿ ತುಂಬುತ್ತದೆ.