ಬದಲಿಸದೆ ಬಿಟ್ಟ ಮೂರನೆಯ ಗುರುತು

ರೋಜಿ, ನಿನ್ನ ಚೀಟಿಯಲ್ಲಿದ್ದುದನ್ನು ನಿನ್ನ ಊರಿನೆದುರೇ ಆಡಿಸಿದವಳು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ.

ಕುಂಬಾರವಾಡದಾಚೆಯ ನಿಮ್ಮ ಕೇರಿಗೆ, ಒಂದು ಸಂಸ್ಥೆಯ ನೆರವಿನಿಂದ, ಮಕ್ಕಳಿಗೆ ನಾಟಕ ಕಲಿಸಲು ಹಳಿಯಾಳದಿಂದ ಬರುತ್ತಿದ್ದೆ. ನೀವು ಹನ್ನೊಂದು ಮಕ್ಕಳು. ಭಯ ಹುಟ್ಟಿಸುವುದನ್ನು ಹೆಸರು ಹಾಕದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದಿರಿ. ಅದರಿಂದಲೇ ನಾಟಕ ಕಟ್ಟುತ್ತಿದ್ದೆವು. ನಿಯಮ ನನ್ನದೇ: ಮನೆ, ಮನುಷ್ಯ, ಗುರುತು — ಮೂರನ್ನೂ ಬದಲಿಸಬೇಕು. ಬದಲಿಸಿದ ಪ್ರತಿಯೊಂದಕ್ಕೂ ದಿನಚರಿಯಲ್ಲಿ ಒಂದು ಗೆರೆ. ಅಕ್ಷರ ನೋಡಿಯೇ ನಿನ್ನದೆಂದು ಗುರುತಿಸಿದ್ದ ಚೀಟಿಯ ಮುಂದೆ ಎರಡೇ ಗೆರೆಗಳಿವೆ.

ಮನೆಯನ್ನು ಅಂಗಡಿ ಮಾಡಿದೆ. ನಿನ್ನನ್ನು ಸಾಕುತ್ತಿದ್ದ ಮಾವನನ್ನು ಸಾಹುಕಾರ ಮಾಡಿದೆ. ಆದರೆ ಅತ್ತೆಯನ್ನು ಹೊಡೆಯುವ ಮೊದಲು ಅವನು ಕೊಯ್ತಗತ್ತಿಯ ಹಿಡಿಯಿಂದ ಬಾಗಿಲಿಗೆ ಮೂರು ಸಲ ಬಡಿಯುತ್ತಾನೆ ಎಂದು ಬರೆದಿದ್ದೆಯಲ್ಲ — ಅದನ್ನು ಬಿಡಲು ಮನಸ್ಸಾಗಲಿಲ್ಲ. ಸಂಸ್ಥೆಯವರು ನೋಡಲು ಬರುವವರಿದ್ದರು. ಆ ಸದ್ದಿಗೆ ಅವರು ಬೆಚ್ಚಬೇಕು ಎಂದು...

ತಾಲೀಮಿನಲ್ಲಿ ನೀನು ಹತ್ತಿರ ಬಂದೆ. "ಅಕ್ಕಾ, ಆ ಬಡಿಯೂದೊಂದು ತಗದ್ ಬಿಡ್ರಿ."

ನಾನೆಂದೆ: "ಯಾರಿಗೂ ತಿಳಿಯಂಗಿಲ್ಲ. ಸುಮ್ನ ನಿನ್ನ ಪಾರ್ಟ್ ಮಾಡ."

ಭಾನುವಾರ ಮಧ್ಯಾಹ್ನ, ಮೂರನೆಯ ಬಡಿತಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಏ ಪಾವ್ಲು, ನಿನ್ನ ಮನಿ ಕದಾ ಇಲ್ಲಿಗೆ ಯಾವಾಗ ತಂದಿ ಮಾರಾಯಾ?" ನಿನ್ನ ಮಾವ ಪಾವ್ಲುವೂ ನಕ್ಕ. ನಗುತ್ತಲೇ ವೇದಿಕೆಯ ಮೇಲಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುತ್ತ ಬಂದ. ನಿನ್ನಲ್ಲಿಗೆ ಬಂದು ಅವನ ಕಣ್ಣು ನಿಂತಿತು. ನೀನು ಮಾತು ಮರೆತೆ. ಸಂಸ್ಥೆಯವರು ಚಪ್ಪಾಳೆ ತಟ್ಟಿದರು.

ಮಂಗಳವಾರದ ತರಗತಿಗೆ ಹತ್ತೇ ಮಕ್ಕಳು. ನಿಮ್ಮ ಮನೆಗೆ ಹೋದೆ. ಅತ್ತೆ ಹೊಸ್ತಿಲು ದಾಟಲಿಲ್ಲ. ಅರ್ಧ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದರು.

"ನಿನ್ನೆನ ಕೆಲಸಕ್ಕ ಅಂತ ಅಕಿನ್ನ ಎಲ್ಲೋ ಬಿಟ್ ಬಂದಾನ್ರಿ," ಎಂದರು. ಬಾಗಿಲನ್ನು ಅರ್ಧ ಮುಚ್ಚುತ್ತ, "ನಿಮ್ಮ ನಾಟಕ ಮುಗೀತಲ್ರಿ ಅಕ್ಕಾರ. ಇನ್ನ ಹೋಗ್ರಿ."

ಎಲ್ಲಿ ಎಂದು ಕೇಳಲಿಲ್ಲ. ಒಳಗೆ ಯಾರೋ ಎದ್ದು ನಿಂತ ಸದ್ದಾಯಿತು — ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ವರದಿಯಲ್ಲಿ ನಿನ್ನ ಹೆಸರಿನ ಮುಂದೆ 'ಕುಟುಂಬ ವಲಸೆ ಹೋಗಿದೆ' ಎಂದು ಸುಳ್ಳು ಬರೆದೆ. ನೆರವು ಮುಂದುವರಿಯಿತು.

ಎರಡು ವರ್ಷವಾಯಿತು. ಅದೇ ನಾಟಕವನ್ನು ಮುಂಡಗೋಡಿನ ಮಕ್ಕಳಿಂದ ಆಡಿಸಿ ಎಂದು ಸಂಸ್ಥೆಯವರು ಹೇಳುತ್ತಿದ್ದಾರೆ. ಆಡಿಸುವುದಿಲ್ಲ. ನಡೆದುದನ್ನೆಲ್ಲ ಇಂದು ಸಂಸ್ಥೆಗೂ ಮಕ್ಕಳ ಸಹಾಯವಾಣಿಗೂ ತಿಳಿಸಿದ್ದೇನೆ. ಇದರಿಂದ ನೀನು ಸಿಗುತ್ತೀಯೋ ಇಲ್ಲವೋ... ನಾಳೆ ಮೊದಲ ಬಸ್ಸಿಗೆ ನಿಮ್ಮ ಮನೆಗೆ ಹೋಗುತ್ತೇನೆ. ರೋಜಿ ಎಲ್ಲಿದ್ದಾಳೆ ಎಂದು ಕೇಳುತ್ತೇನೆ — ಈ ಸಲ ನಿನ್ನ ಮಾವನನ್ನೇ.