ಎಪ್ಪತ್ತೆರಡಕ್ಕೇ ನಿಂತ ಎಣಿಕೆ

ಮೂರು ವರ್ಷದ ಹಿಂದಿನ ಮಾತು. ಮುಧೋಳದಿಂದ ನನಗೊಂದು ಸಂಬಂಧ ಬಂದಿತ್ತು. ಅದೇ ವಾರ ಜಮಖಂಡಿಯಲ್ಲಿ ಕೆಟಲ್‌ಬೆಲ್ ಸ್ಪರ್ಧೆ. ನಮ್ಮ ತೂಕದ ವಿಭಾಗದಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯ ತಂಡದಲ್ಲಿ ಜಾಗ. ಎರಡು ವರ್ಷ ನಾನು ಬೆವರು ಸುರಿಸಿದ್ದು ಅದೊಂದಕ್ಕೇ.

ಕೆಟಲ್‌ಬೆಲ್ ಎಂದರೆ ಹಿಡಿಕೆ ಇರುವ ಕಬ್ಬಿಣದ ಗುಂಡು. ಅದನ್ನು ಒಂದೇ ಕೈಯಲ್ಲಿ ಬೀಸಿ ತಲೆಯ ಮೇಲೆ ಎತ್ತಿ ನಿಲ್ಲಿಸಬೇಕು. ಹತ್ತು ನಿಮಿಷ ಕೆಳಗಿಡುವಂತಿಲ್ಲ, ಕೈ ಬದಲಿಸಲು ಒಂದೇ ಅವಕಾಶ. ಮೇಲೆ ಹೋದ ಕೈ ಪೂರ್ತಿ ನೆಟ್ಟಗಾದರೆ ಮಾತ್ರ ಎಣಿಕೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ನೂಲಿನ ಗಂಟು ಹೊತ್ತು ಬೆಳೆದ ನನಗೆ ಭಾರ ಹೊಸದಲ್ಲ. ತೊಂದರೆ ಬಲ ಮೊಣಕೈಯದು. ಚಿಕ್ಕವಳಿದ್ದಾಗ ಏಣಿಯಿಂದ ಬಿದ್ದು ಮುರಿದ ಎಲುಬು ತುಸು ಸೊಟ್ಟಗೆ ಕೂಡಿತ್ತು. ಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಆದರೆ ಅದು ಗೊತ್ತಿದ್ದವರಿಗಷ್ಟೇ ಕಾಣುತ್ತಿತ್ತು. ಸ್ಪರ್ಧೆಗೆ ಮೊದಲು ಜಡ್ಜ್‌ಗೆ ತೋರಿಸಿಬಿಟ್ಟರೆ ಕೈ ನೆಟ್ಟಗಾದಷ್ಟಕ್ಕೇ ಎಣಿಸುತ್ತಾರೆ ಎಂದು ಕೋಚ್ ಹತ್ತು ಸಲ ಹೇಳಿದ್ದರು.

ಸ್ಪರ್ಧೆಯ ದಿನ ಸೀರೆ ಖರೀದಿಗೆಂದು ಜಮಖಂಡಿಗೆ ಬಂದಿದ್ದ ಹುಡುಗನ ತಾಯಿ, ಹುಡುಗಿಯ ಆಟವನ್ನೂ ನೋಡೋಣವೆಂದು ಬಂದು ಅವ್ವನ ಪಕ್ಕದಲ್ಲೇ ಕುಳಿತರು. ಅವ್ವ ಓಡಿ ಬಂದು ನನ್ನ ಕಿವಿಯಲ್ಲಿ ಹೇಳಿದಳು, "ಅವರ ಮುಂದ ಆ ಕೈ ತೋರಿಸಬ್ಯಾಡ ನಮ್ಮವ್ವಾ. ಲಗ್ನ ಆಗೂತನಾ ಸುಮ್ಮನಿರು."

ಜಡ್ಜ್ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಯಾರದರ ಮೊಣಕೈ ಪೂರಾ ನೆಟ್ಟಗ ಆಗಂಗಿಲ್ಲಂದ್ರ ಈಗ ತೋರಿಸ್ರಿ. ಆಮ್ಯಾಲೆ ಕೇಳಂಗಿಲ್ಲ."

ಕೋಚ್ ಹೊರಗೆ ಬೇರೆ ಹುಡುಗಿಯರ ತೂಕ ಮಾಡಿಸುತ್ತಿದ್ದರು. ನಾನು ಅವ್ವನ ಮುಖ ನೋಡಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಎಡಗೈಯಲ್ಲಿ ಎಪ್ಪತ್ತೆರಡು ಎತ್ತಿದೆ. ಉಳಿದವರೆಲ್ಲ ನನ್ನ ಹಿಂದಿದ್ದರು. ಐದನೇ ನಿಮಿಷಕ್ಕೆ ಬಲಗೈಗೆ ಬದಲಿಸಿದೆ.

"ನೋ ಕೌಂಟ್," ಎಂದರು ಜಡ್ಜ್. ಮತ್ತೆ ಎತ್ತಿದೆ. "ನೋ ಕೌಂಟ್." ನನ್ನ ಎದುರಿನ ಬೋರ್ಡ್ ಎಪ್ಪತ್ತೆರಡರಲ್ಲೇ ನಿಂತಿತ್ತು. ಎಡಗೈಗೆ ಮರಳುವಂತಿರಲಿಲ್ಲ. ಹಟಕ್ಕೆ ಬಿದ್ದು ಉಳಿದ ಐದೂ ನಿಮಿಷ ಎತ್ತಿದೆ. ಕಣ್ಣೀರು ಯಾವುದು, ಬೆವರು ಯಾವುದು ಎಂದು ನನಗೇ ತಿಳಿಯಲಿಲ್ಲ.

ಮುಗಿದ ಮೇಲೆ ಜಡ್ಜ್ ನನ್ನ ಬಲಗೈ ಹಿಡಿದು ಮೇಲೆತ್ತಿ ನೋಡಿದರು. "ಅಲ್ಲ ತಂಗಿ, ಕೈ ಹಿಂಗೈತಿ ಅಂತ ಮೊದಲ ಹೇಳಾಕ ಏನಾಗಿತ್ತು? ಅಷ್ಟೂ ಎಣಸ್ತಿದ್ನಲ್ಲ!" ಅವರ ಗಟ್ಟಿ ದನಿ ಕೊನೆಯ ಕುರ್ಚಿಯವರೆಗೂ ಕೇಳಿಸಿತು.

ಹುಡುಗನ ತಾಯಿ ಎದ್ದು ನಿಂತು ನನ್ನ ಕೈಯನ್ನೇ ನೋಡಿದರು. ಸೀರೆಯ ಚೀಲ ಎತ್ತಿಕೊಂಡು, "ಬರ್ತೇವ್ರಿ," ಎಂದು ಅವ್ವನಿಗೆ ಹೇಳಿ ಹೋದರು. ಆಮೇಲೆ ಆ ಮನೆಯಿಂದ ಫೋನ್ ಬರಲಿಲ್ಲ. ನೂರಹದಿನೆಂಟು ಎತ್ತಿದ ಬೀಳಗಿಯ ಹುಡುಗಿ ರಾಜ್ಯ ತಂಡಕ್ಕೆ ಹೋದಳು.

"ಆ ಜಡ್ಜ್ ಅಷ್ಟು ಒದರಬಾರದಿತ್ತು," ಎನ್ನುತ್ತಾಳೆ ಅವ್ವ ಇವತ್ತಿಗೂ. ಸಂಬಂಧ ತಪ್ಪಿದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಅವ್ವನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ, ನನ್ನ ಮೇಲಿನದಂತೂ ಇಳಿಯುವುದೇ ಇಲ್ಲ. ಈಗ ಯಾರೇ ನೋಡಲು ಬರಲಿ, ಚಹಾ ಕೊಡುವ ಮೊದಲೇ ಬಲಗೈ ಚಾಚಿ, "ಇದು ಇಷ್ಟ ನೆಟ್ಟಗ ಆಗೂದು ನೋಡ್ರಿ," ಎನ್ನುತ್ತೇನೆ. ಎಷ್ಟು ಸಲೀಸಾಗಿ ಬರುತ್ತದೆ ಆ ಮಾತು! ಹೇಳಲೇಬೇಕಿದ್ದ ದಿನ ಮಾತ್ರ ಬರಲಿಲ್ಲ.