ಹಲಗೆಯ ಮೇಲೆ ಒಂದು ತಟ್ಟು

ಅದು 2006ನೇ ಇಸವಿ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಕುರುಬರಹಳ್ಳಿಯ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದೆ. ತಂಗಿ ಸುಧಾ ಪಿಯುಸಿ ಓದುತ್ತಿದ್ದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಹೊಸಹಳ್ಳಿಯ ಮನೆಯಿಂದ ನಡೆದು ಆರ್‌ಪಿಸಿ ಲೇಔಟಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದೆವು. ಅಲ್ಲಿ ಆನ್‌ಲೈನ್ ಆಟ ಆಡುವುದೇ ನಮಗೆ ವಾರದ ಹಬ್ಬ.

ಆಟದಲ್ಲಿ ನಾನು ಕತ್ತಿ ಹಿಡಿದ ಯೋಧ, ಅವಳು ಗಾಯ ವಾಸಿಮಾಡುವ ವೈದ್ಯೆ. ನಾನು ಮುಂದೆ ನಿಂತು ರಾಕ್ಷಸರ ಏಟು ತಿನ್ನಬೇಕು, ಅವಳು ಹಿಂದಿನಿಂದ ನನಗೆ ಜೀವ ತುಂಬಬೇಕು. ಒಂದೊಂದು ಮಂತ್ರಕ್ಕೂ ಅವಳ ಶಕ್ತಿ ಇಳಿಯುತ್ತಿತ್ತು. ಅದು ಮತ್ತೆ ತುಂಬುವವರೆಗೆ ನಾನು ಕಾಯಬೇಕು. ಪರದೆಯ ಮೇಲಿನ ಇಂಗ್ಲಿಷ್ ನನಗೆ ಓದಲು ಬರುತ್ತಿರಲಿಲ್ಲ, ಸೆಂಟರಿನ ಗಲಾಟೆಯಲ್ಲಿ ಅವಳು ಕೂಗಿದ್ದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಸುಧಾ ಒಂದು ಉಪಾಯ ಮಾಡಿದ್ದಳು. ಅಕ್ಕಪಕ್ಕ ಕೂತ ನಮ್ಮಿಬ್ಬರ ನಡುವೆ ಅಡ್ಡವಿದ್ದ ಪ್ಲೈವುಡ್ ಹಲಗೆಗೆ ಒಮ್ಮೆ ತಟ್ಟಿದರೆ ನಿಲ್ಲಬೇಕು, ಎರಡು ಸಲ ತಟ್ಟಿದರೆ ನುಗ್ಗಬೇಕು. ತಟ್ಟಿದ್ದು ಗೊತ್ತಾಗಲೆಂದು ನನ್ನ ಮೊಣಕೈ ಹಲಗೆಗೆ ತಾಗಿಕೊಂಡೇ ಇರುತ್ತಿತ್ತು.

ತಿಂಗಳುಗಟ್ಟಲೆ ಆಡಿ, ಒಂದು ಭಾನುವಾರ ಗುಹೆಯ ಕೊನೆಯ ರಾಕ್ಷಸನ ಎದುರು ನಿಂತೆವು. ನನ್ನ ಬೆನ್ನ ಹಿಂದೆ ಗೆಳೆಯರು ಸೇರಿದ್ದರು. ಹಲಗೆಗೆ ಒಂದು ತಟ್ಟು ಬಿತ್ತು. ನಿಂತೆ.

"ಏನ್ ಮಗಾ, ತಂಗಿ ಪರ್ಮಿಷನ್ ಕೊಡ್ಬೇಕಾ?" ಎಂದ ಅವರಲ್ಲೊಬ್ಬ, ಮಂಜ. ಎಲ್ಲರೂ ನಕ್ಕರು. ನಾನು ನುಗ್ಗಿಬಿಟ್ಟೆ.

ಅರೆನಿಮಿಷದಲ್ಲಿ ಸಾಯುವ ಹಾಗಾಯಿತು. ಸುಧಾ ಓಡಿ ಪಾರಾಗಬಹುದಿತ್ತು. ಉಳಿದಿದ್ದ ಚೂರು ಶಕ್ತಿಯನ್ನೂ ನನಗೆ ಕೊಡಲು ಮುಂದೆ ಬಂದಳು. ಇಬ್ಬರೂ ಸತ್ತೆವು.

"ಇವಳು ತಟ್ಟೋದ್ರಲ್ಲಿ ತಪ್ಪು ಮಾಡಿದ್ಳು ಕಣೋ, ಎರಡು ಸಲ ತಟ್ಟಿದ್ಳು" ಎಂದೆ.

"ಹುಡುಗೀರನ್ನ ಕಟ್ಕೊಂಡ್ ಆಡಿದ್ರೆ ಹಿಂಗೇ ಗುರು!" ಎಂದ ಮಂಜ.

ಸುಧಾ ಎದ್ದು ನಿಂತು ಹಲಗೆಯ ಮೇಲಿನಿಂದ ನನ್ನ ಮುಖ ನೋಡಿದಳು. ಕೆಳಗಿನ ಬೇಕರಿಯಲ್ಲಿ ಕೊಬ್ಬರಿ ತುಂಬಿದ ಒಂದು ದಿಲ್‌ಪಸಂದ್ ಕೊಂಡು ಹಂಚಿಕೊಂಡು ತಿನ್ನುವುದು ನಮ್ಮ ಮಾಮೂಲು. ಅಂದು ಅವಳು ನಿಲ್ಲದೆ ನಡೆದಳು. ಮನೆ ಹತ್ತಿರ ಬಂದಾಗ, "ಅಣ್ಣ, ನಾನು ತಟ್ಟಿದ್ದು ಒಂದೇ ಸಲ" ಎಂದಳು.

"ನಂಗೆ ಎರಡು ಸಲ ಅನ್ನಿಸ್ತು ಕಣೇ" ಎಂದೆ. ಅದು ಎರಡನೇ ಸುಳ್ಳು.

ಮೂರು ಭಾನುವಾರ "ಓದೋದಿದೆ" ಎಂದು ಅವಳು ಬರಲಿಲ್ಲ. ನಾನೊಬ್ಬನೇ ಹೋಗಿ ಚಿಲ್ಲರೆ ರಾಕ್ಷಸರ ಕೈಯಲ್ಲೂ ಸಾಯುತ್ತಿದ್ದೆ. ನಾಲ್ಕನೇ ವಾರ ಗುಹೆಯೊಳಗೆ ದಿಕ್ಕು ತೋಚದೆ ನಿಂತಿದ್ದಾಗ ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸುಧಾಳ ವೈದ್ಯೆ ಬಂದು ನನ್ನ ಹಿಂದೆ ನಿಂತಳು. ಹಲಗೆಗೆ ಒಂದು ತಟ್ಟು ಬಿತ್ತು.

ನಾನು ಕೀಬೋರ್ಡಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ನಿದ್ದೆ ಬಂತೇನೋ? ನುಗ್ಗು!" ಎಂದ ಹಿಂದೆ ನಿಂತಿದ್ದ ಮಂಜ.

"ತಡಿಯೋ, ಅವಳು ಹೇಳ್ಲಿ."

ತುಂಬಾ ಹೊತ್ತು ಕಾದೆ. ಆಮೇಲೆ ಎರಡು ತಟ್ಟು. ಅಂದು ರಾಕ್ಷಸ ಬಿದ್ದ. ಬೇಕರಿಯಲ್ಲಿ ಸುಧಾ ದಿಲ್‌ಪಸಂದಿನ ದೊಡ್ಡ ತುಂಡನ್ನು ನನಗೇ ಕೊಟ್ಟಳು.

ಅವಳು ಆ ವಿಷಯ ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳುವ ಧೈರ್ಯ ನನಗೂ ಬರಲಿಲ್ಲ. ಕೇಳದೆಯೇ ವಾಪಸ್ ಬಂದು ನನ್ನ ಬೆನ್ನಿಗೆ ನಿಂತಳಲ್ಲ, ಆ ಋಣ ನನ್ನ ಮೇಲಿದೆ. ಮಂಜ ಈಗಲೂ ಸಿಕ್ಕಾಗ, "ಅವತ್ತು ನಿನ್ ತಂಗಿ ಕೈ ಕೊಟ್ಳಲ್ಲೋ" ಎಂದು ನಗುತ್ತಾನೆ. ಇಷ್ಟು ವರ್ಷ ನಾನೂ ಜೊತೆಗೆ ನಕ್ಕಿದ್ದೇನೆ. ಈಗ ಬರೆದಿರುವ ಇದನ್ನು ಮೊದಲು ಅವನಿಗೇ ಓದಿ ಹೇಳುತ್ತೇನೆ. ಸುಧಾ ತಟ್ಟಿದ್ದು ಒಂದೇ ಸಲ. ಅದು ನನಗೆ ಸರಿಯಾಗಿಯೇ ಗೊತ್ತಾಗಿತ್ತು.